ಶ್ರೆಡ್ ಮಾಡಿದ ಫೈಲ್ ನಿಜವಾಗಿ ಹೋಗುತ್ತದಾ? ಹಳೇ ಕಂಪ್ಯೂಟರ್ ಮಾರುವ ಮೊದಲು ಓದಿ

ಓದುಗರ ಪ್ರಶ್ನೆ: "ಸರ್, ಸಾಗರ ತಾಲ್ಲೂಕಿನ ಒಂದು ಊರಲ್ಲಿ ನನ್ನ ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಎಂಟು ವರ್ಷದಿಂದ ಜನರ ಆಧಾರ್, ಪ್ಯಾನ್, ಪಾಸ್‌ಬುಕ್, ಪಹಣಿ, ಜಾತಿ ಆದಾಯ ಪ್ರಮಾಣ ಪತ್ರ ಎಲ್ಲಾ ಸ್ಕ್ಯಾನ್ ಮಾಡಿದ್ದು ಎರಡು ಕಂಪ್ಯೂಟರ್‌ನಲ್ಲಿ ತುಂಬಿದೆ. ಎರಡರಲ್ಲೂ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಒಂದರಲ್ಲಿ 500 ಜಿಬಿ ಹಾರ್ಡ್ ಡಿಸ್ಕ್, ಇನ್ನೊಂದರಲ್ಲಿ 240 ಜಿಬಿ ಎಸ್‌ಎಸ್‌ಡಿ. ಈಗ ಹೊಸದು ತಗೊಂಡು ಇವನ್ನು ಮಾರಬೇಕು ಅಂತಿದ್ದೇನೆ. ಡಿಲೀಟ್ ಮಾಡಿದರೆ ಸಾಲದು, ಫೈಲ್ ಮೇಲೆ ಬೇರೆ ಡೇಟಾ ಬರೆದು ಅಳಿಸುವ ಶ್ರೆಡ್ ಕಮಾಂಡ್ ಹಾಕಬೇಕು ಎಂದು ಓದಿದೆ. ಎಸ್‌ಎಸ್‌ಡಿಯಲ್ಲಿದ್ದ 11 ಜಿಬಿ ಫೋಲ್ಡರ್‌ಗೆ 35 ಸಲ ಅಳಿಸುವ ಹಾಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಸ್ನೇಹಿತರೊಬ್ಬರು, ಎಸ್‌ಎಸ್‌ಡಿಯಲ್ಲಿ ಶ್ರೆಡ್ ಕೆಲಸ ಮಾಡಲ್ಲ ಅಂದರು. ಇನ್ನೊಬ್ಬರು, ಸುಮ್ನೆ ಸುತ್ತಿಗೆ ತಗೊಂಡು ಒಡೆದುಬಿಡು ಅಂತಾರೆ. ಏನು ಮಾಡಲಿ? ಎಷ್ಟು ಸಲ ಅಳಿಸಿದರೆ ಸಾಕು? ಜನ ನಂಬಿ ಕೊಟ್ಟ ಕಾಗದ, ಯಾರದ್ದೋ ಕೈಗೆ ಸಿಕ್ಕರೆ ಊರಲ್ಲಿ ಮುಖ ತೋರಿಸಕ್ಕಾಗಲ್ಲ."

ಉತ್ತರ:

ನೇರವಾಗಿ ಹೇಳಿಬಿಡುತ್ತೇನೆ. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್, ಇರುವ ಕಂಪ್ಯೂಟರನ್ನು ಈಗಲೇ ಮಾರಬೇಡಿ. ಹಾರ್ಡ್ ಡಿಸ್ಕ್ ಇರುವುದಕ್ಕೆ ಶ್ರೆಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನೀವು ಮಾಡಿದ ರೀತಿಯಲ್ಲಿ ಅಲ್ಲ. ಸುತ್ತಿಗೆ ಸದ್ಯಕ್ಕೆ ಬೇಡ. ಎರಡೂ ಡಿಸ್ಕ್ ಪೂರ್ತಿ ಅಳಿಸಿ ಮಾರುವ ದಾರಿ ಇದೆ, ಎರಡಕ್ಕೂ ದಾರಿ ಬೇರೆ ಬೇರೆ. ಅದನ್ನು ಹೇಳುವ ಮೊದಲು ಯಾಕೆ ಹೀಗೆ ಅನ್ನುವುದು ಅರ್ಥವಾಗಬೇಕು. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಇನ್ನೇನೋ ಹೇಳಿದಾಗ ಮತ್ತೆ ಇದೇ ಗೊಂದಲ.

ಒಂದು ಸಣ್ಣ ವಿಷಯ: ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ ಹಾಕಿ.

ನಾನು ಹದಿನಾಲ್ಕು ವರ್ಷದಿಂದ ಡೇಟಾ ರಿಕವರಿ ಕೆಲಸ ಮಾಡುತ್ತಿದ್ದೇನೆ. ಅಂದರೆ ನೀವು ಅಳಿಸಲು ಒದ್ದಾಡುತ್ತಿರುವುದನ್ನೇ ವಾಪಸ್ ತೆಗೆಯುವುದು ನನ್ನ ಕೆಲಸ. ಡಿಲೀಟ್ ಮಾಡಿದ ಫೈಲ್ ಯಾಕೆ ಸಿಗುತ್ತದೆ ಎಂದು ಕೇಳಿದವರಿಗೆಲ್ಲ ನಾನು ಪಹಣಿಯ ಉದಾಹರಣೆ ಕೊಡುತ್ತೇನೆ, ನಿಮಗಂತೂ ಪಹಣಿ ದಿನಾ ಕೈಗೆ ಬರುವ ಕಾಗದ. ಪಹಣಿಯಿಂದ ಒಬ್ಬರ ಹೆಸರು ತೆಗೆದರು ಎಂದುಕೊಳ್ಳಿ. ಹೊಲದಲ್ಲಿದ್ದ ಬೆಳೆ ಎಲ್ಲೂ ಹೋಗುವುದಿಲ್ಲ, ಅಲ್ವಾ? ಇನ್ನೊಬ್ಬರು ಬಂದು ಉತ್ತು ಬೇರೆ ಬಿತ್ತುವವರೆಗೂ ಅದು ಅಲ್ಲೇ ನಿಂತಿರುತ್ತದೆ. ಡಿಲೀಟ್ ಮಾಡಿದಾಗ ಆಗುವುದು ಇಷ್ಟೇ. ಫೈಲ್‌ನ ಹೆಸರು ಪಟ್ಟಿಯಿಂದ ಹೋಗುತ್ತದೆ, ಆ ಜಾಗ ಖಾಲಿ ಎಂದು ಗುರುತಾಗುತ್ತದೆ. ಒಳಗಿನ ಡೇಟಾ ಹಾಗೇ ಕೂತಿರುತ್ತದೆ. ಫೋಟೊರೆಕ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಅದು ಪಟ್ಟಿಯನ್ನು ನೋಡುವುದೇ ಇಲ್ಲ. ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ ಹೋಗಿ, ಇಲ್ಲೊಂದು ಜೆಪೆಗ್ ಶುರುವಾಗಿದೆ, ಇಲ್ಲೊಂದು ಪಿಡಿಎಫ್ ಶುರುವಾಗಿದೆ ಎಂದು ಗುರುತು ಹಿಡಿದು ಎತ್ತುತ್ತದೆ. ನಿಮ್ಮ ಅಂಗಡಿಯ ಸ್ಕ್ಯಾನ್‌ಗಳು ಎಲ್ಲಾ ಇವೆರಡೇ ಜಾತಿಯವು. ಅದಕ್ಕೇ ನಿಮ್ಮ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಟ್ ಎಂಬ ಇಬ್ಬರು 158 ಹಳೇ ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷೆ ಮಾಡಿ 2003ರಲ್ಲಿ ವರದಿ ಬರೆದರು. ಓದಲು ಬಂದ 129ರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12 ಇತ್ತು. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ನಂಬರ್‌ಗಳೇ ಸಾವಿರಗಟ್ಟಲೆ ಸಿಕ್ಕವು. ಮಾರಿದವರಲ್ಲಿ ಎಷ್ಟೋ ಜನ ಫಾರ್ಮ್ಯಾಟ್ ಮಾಡಿಯೇ ಮಾರಿದ್ದರು. ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಫೋಟೊ ತೆಗೆದುಕೊಡುವುದು ಇವತ್ತಿಗೂ ನನ್ನ ದಿನನಿತ್ಯದ ಕೆಲಸ.

ಈಗ ಶ್ರೆಡ್ ಕಡೆ ಬರೋಣ. ಲಿನಕ್ಸ್‌ನಲ್ಲಿ ಇದು ಗ್ನೂ ಕೋರ್‌ಯುಟಿಲ್ಸ್ ಎಂಬ ಕಂತೆಯ ಒಳಗೆ ಬರುತ್ತದೆ, ಬೇರೆ ಹಾಕಿಕೊಳ್ಳಬೇಕಾಗಿಲ್ಲ. ಫೈಲ್ ಯಾವ ಜಾಗದಲ್ಲಿದೆಯೋ ಅದೇ ಜಾಗದ ಮೇಲೆ ಕಸದಂಥ ಡೇಟಾ ಬರೆಯುತ್ತದೆ. ಏನೂ ಹೇಳದಿದ್ದರೆ ಮೂರು ಸಲ ಬರೆಯುತ್ತದೆ. ಮೊದಲು ಇದು 25 ಸಲ ಇತ್ತು, ಆಮೇಲೆ ಇಳಿಸಿದರು. ಬರೆದ ಮೇಲೆ ಫೈಲನ್ನು ಅಲ್ಲೇ ಬಿಡುತ್ತದೆ. ತೆಗೆದುಹಾಕು ಎನ್ನಬೇಕಾದರೆ -ಯು ಹಾಕಬೇಕು. -ಎನ್ ಪಕ್ಕದ ಸಂಖ್ಯೆ ಎಷ್ಟು ಸಲ ಎಂಬುದಕ್ಕೆ, -ವಿ ಹಾಕಿದರೆ ಏನು ನಡೆಯುತ್ತಿದೆ ಎಂದು ತೋರಿಸುತ್ತದೆ, -ಝಡ್ ಹಾಕಿದರೆ ಕೊನೆಗೊಮ್ಮೆ ಸೊನ್ನೆ ತುಂಬುತ್ತದೆ. -ಯು ಹಾಕಿದಾಗ ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡುತ್ತದೆ: ಫೈಲ್‌ನ ಹೆಸರನ್ನು ಸೊನ್ನೆಗಳಿಂದ ಬದಲಿಸುತ್ತಾ, ಒಂದೊಂದೇ ಅಕ್ಷರ ಕಡಿಮೆ ಮಾಡುತ್ತಾ ಹೋಗಿ ಆಮೇಲೆ ತೆಗೆಯುತ್ತದೆ. ಹಾಗಿದ್ದೂ ಹಳೆಯ ಹೆಸರು, ಡಿಸ್ಕ್‌ನಲ್ಲಾಗುವ ಬದಲಾವಣೆಗಳನ್ನು ಬರೆದಿಡುವ ಫೈಲ್ ಸಿಸ್ಟಮ್‌ನ ಜರ್ನಲ್‌ನಲ್ಲಿ ಉಳಿಯಬಹುದು. ನೀವು ಫೈಲ್‌ಗೆ ಗಿರಾಕಿಯ ಹೆಸರು, ಫೋನ್ ನಂಬರ್ ಸೇರಿಸಿ ಇಟ್ಟಿದ್ದರೆ ಇದು ಮುಖ್ಯ.

ಈ 35 ಎಂಬ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? 1996ರಲ್ಲಿ ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ ಎಂಬುವರು ಒಂದು ಪ್ರಬಂಧ ಮಂಡಿಸಿದರು. ಆ ಕಾಲದ ಹಾರ್ಡ್ ಡಿಸ್ಕ್‌ಗಳು ಡೇಟಾವನ್ನು ಬೇರೆ ಬೇರೆ ವಿಧದಲ್ಲಿ ಬರೆಯುತ್ತಿದ್ದವು. ಒಂದೊಂದು ವಿಧಕ್ಕೆ ಒಂದೊಂದು ನಮೂನೆಯ ಅಳಿಸುವಿಕೆ ಬೇಕು ಎಂದು ಎಲ್ಲವನ್ನೂ ಕೂಡಿಸಿ 35 ಸಲದ ಪಟ್ಟಿ ಕೊಟ್ಟರು. ಯಾವುದೇ ಒಂದು ಡಿಸ್ಕ್‌ಗೆ 35 ಪೂರ್ತಿ ಆವತ್ತೂ ಬೇಕಿರಲಿಲ್ಲ. ಜನ ಇದನ್ನು ಮಂತ್ರದ ಹಾಗೆ ಹಿಡಿದುಕೊಂಡರು. ಈಗಿನ ಡಿಸ್ಕ್‌ಗಳಿಗೆ ಇದಕ್ಕೆ ಅರ್ಥವಿಲ್ಲ ಎಂದು ಸ್ವತಃ ಗುಟ್‌ಮನ್ ಅವರೇ ಆಮೇಲೆ ಅದೇ ಪ್ರಬಂಧಕ್ಕೆ ಸೇರಿಸಿ ಬರೆದಿದ್ದಾರೆ. 2008ರಲ್ಲಿ ಕ್ರೇಗ್ ರೈಟ್ ಮತ್ತು ಜೊತೆಗಾರರು ಮೈಕ್ರೊಸ್ಕೋಪ್ ಇಟ್ಟೇ ಪರೀಕ್ಷೆ ಮಾಡಿ, ಒಂದೇ ಸಲ ಮೇಲೆ ಬರೆದ ಡೇಟಾವನ್ನೂ ಉಪಯೋಗಕ್ಕೆ ಬರುವ ಹಾಗೆ ವಾಪಸ್ ತೆಗೆಯಲು ಆಗುವುದಿಲ್ಲ ಎಂದು ತೋರಿಸಿದರು. ನನ್ನ ಅನುಭವವೂ ಅದೇ. ಒಂದು ಸಲ ಪೂರ್ತಿ ಮೇಲೆ ಬರೆದ ಹಾರ್ಡ್ ಡಿಸ್ಕ್ ಬಂದರೆ ನಾನು ದುಡ್ಡು ತೆಗೆದುಕೊಳ್ಳದೆ ವಾಪಸ್ ಕಳಿಸುತ್ತೇನೆ. ಅಲ್ಲಿ ಮಾಡಲು ಏನೂ ಇರುವುದಿಲ್ಲ.

ಲೆಕ್ಕವನ್ನೂ ನೋಡಿ. ನಿಮ್ಮ 500 ಜಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆಯುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಸಲ ಪೂರ್ತಿ ಬರೆಯಲು ಸುಮಾರು ಒಂದೂವರೆ ಗಂಟೆ. 35 ಸಲ ಅಂದರೆ ಎರಡು ಹಗಲು ಎರಡು ರಾತ್ರಿ. ಅಷ್ಟರಲ್ಲಿ ಮಲೆನಾಡಿನಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ನಿಮಗೇ ಗೊತ್ತು.

ಹಾಗಾದರೆ ಎಸ್‌ಎಸ್‌ಡಿಯಲ್ಲಿ ಏನು ತೊಂದರೆ? ಶ್ರೆಡ್ ಒಂದೇ ಒಂದು ನಂಬಿಕೆಯ ಮೇಲೆ ನಿಂತಿದೆ. ನಾನು ಇದೇ ಜಾಗಕ್ಕೆ ಬರೆ ಎಂದರೆ ಡಿಸ್ಕ್ ಅದೇ ಜಾಗಕ್ಕೆ ಬರೆಯುತ್ತದೆ ಅನ್ನುವ ನಂಬಿಕೆ. ಎಸ್‌ಎಸ್‌ಡಿ ಹಾಗೆ ಬರೆಯುವುದಿಲ್ಲ. ಅಡಿಕೆ ಮಂಡಿಯ ಗೋದಾಮು ಕಣ್ಣ ಮುಂದೆ ತಂದುಕೊಳ್ಳಿ. 12ನೇ ಅಂಕಣದ ಮೂಟೆ ತೆಗೆದು ಬೇರೆ ಮೂಟೆ ಇಡು ಎಂದು ನೀವು ಗುಮಾಸ್ತನಿಗೆ ಹೇಳುತ್ತೀರಿ. ಅವನು ಹಳೇ ಮೂಟೆ ಮುಟ್ಟುವುದಿಲ್ಲ. ಹೊಸ ಮೂಟೆಯನ್ನು ಖಾಲಿ ಇರುವ 40ನೇ ಅಂಕಣದಲ್ಲಿ ಇಟ್ಟು, ಪುಸ್ತಕದಲ್ಲಿ ಮಾತ್ರ 12 ಅಂದರೆ ಇನ್ನು ಮುಂದೆ ಇದು ಎಂದು ಬರೆದುಕೊಳ್ಳುತ್ತಾನೆ. ನೀವು 12 ಕೇಳಿದಾಗ ಹೊಸದನ್ನೇ ತೋರಿಸುತ್ತಾನೆ. ಹಳೆಯದು ತನಗೆ ಬಿಡುವಾದಾಗ ಖಾಲಿ ಮಾಡಲಿ ಎಂದು ಅಲ್ಲೇ ಬಿದ್ದಿರುತ್ತದೆ. ನೀವು 35 ಸಲ ಹೇಳಿದರೆ ಅವನು 35 ಬೇರೆ ಬೇರೆ ಜಾಗದಲ್ಲಿ ಮೂಟೆ ಇಡುತ್ತಾನೆ, ಮೊದಲನೆಯದರ ಮೇಲೆ ಕೈಯಿಡದೆಯೇ.

ಇದು ಕಂಪನಿಗಳ ಮೋಸವಲ್ಲ. ಎಸ್‌ಎಸ್‌ಡಿಯ ಚಿಪ್‌ನಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಆದರೆ ಅಳಿಸುವುದು ನೂರಾರು ಪುಟಗಳ ದೊಡ್ಡ ಕಟ್ಟುಗಳಲ್ಲಿ ಮಾತ್ರ ಸಾಧ್ಯ. ಪ್ರತಿ ಸಲ ಅಳಿಸಿದಾಗಲೂ ಚಿಪ್ ಸ್ವಲ್ಪ ಸವೆಯುತ್ತದೆ. ಹಾಗಾಗಿ ಒಂದೇ ಜಾಗ ಸವೆಯದಿರಲಿ ಎಂದು ಬರಹವನ್ನು ಎಲ್ಲಾ ಕಡೆ ಹಂಚುತ್ತದೆ. ಅದಕ್ಕಾಗಿಯೇ ನಿಮಗೆ ಕಾಣದ ಒಂದಷ್ಟು ಜಾಗವನ್ನು ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ಆ ಜಾಗಕ್ಕೆ ಶ್ರೆಡ್ ಆಗಲಿ, ಬೇರೆ ಯಾವುದೇ ಮಾಮೂಲಿ ಕಮಾಂಡ್ ಆಗಲಿ ಮುಟ್ಟಲಾರದು. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಸಂಶೋಧಕರು ಎಸ್‌ಎಸ್‌ಡಿಗಳನ್ನು ಬಿಚ್ಚಿ ಚಿಪ್‌ಗಳನ್ನು ನೇರವಾಗಿ ಓದಿ ನೋಡಿದರು. ಒಂದೊಂದೇ ಫೈಲ್ ಮೇಲೆ ಬರೆದು ಅಳಿಸುವ ವಿಧಾನಗಳೆಲ್ಲ ಸೋತವು. ಫೈಲ್‌ನಲ್ಲಿದ್ದ ಡೇಟಾದ ಶೇ. 4ರಿಂದ 75ರವರೆಗೆ ಚಿಪ್‌ನಲ್ಲೇ ಉಳಿದಿತ್ತು. ಪೆನ್ ಡ್ರೈವ್‌ಗಳೂ ಅಷ್ಟೇ.

ಆಪಲ್ ಕಂಪನಿಯೂ ಇದನ್ನು ಒಪ್ಪಿಕೊಂಡಿದೆ. ಮ್ಯಾಕ್‌ನಲ್ಲಿ ಕಸದ ಬುಟ್ಟಿಯನ್ನು ಸುರಕ್ಷಿತವಾಗಿ ಖಾಲಿ ಮಾಡುವ ಆಯ್ಕೆ ಇತ್ತು. ಫ್ಲ್ಯಾಶ್ ಚಿಪ್ ಇರುವ ಮೆಷಿನ್‌ಗಳಲ್ಲಿ ಅಳಿಸಿದೆ ಎಂದು ಖಾತರಿ ಕೊಡಲು ಆಗುವುದಿಲ್ಲ ಎಂದು 2015ರಲ್ಲಿ ಅದನ್ನೇ ತೆಗೆದುಹಾಕಿದರು. ಮರುವರ್ಷ, ಶ್ರೆಡ್‌ನ ಹಾಗೇ ಮೇಲೆ ಬರೆದು ಅಳಿಸುತ್ತಿದ್ದ ಎಸ್‌ಆರ್‌ಎಂ ಕಮಾಂಡನ್ನೂ ತೆಗೆದರು.

ಆದರೆ ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ಮಾತ್ರ ಸರಿ. ಎಸ್‌ಎಸ್‌ಡಿಯಲ್ಲಿ ಶ್ರೆಡ್ ಮಾಡಿದ ಫೈಲ್‌ಗಳನ್ನು ಯಾರು ಬೇಕಾದರೂ ಫೋಟೊರೆಕ್ ಹಾಕಿ ತೆಗೆದುಬಿಡುತ್ತಾರೆ ಅನ್ನುವುದು ಸುಳ್ಳು. ಮೇಲಿನಿಂದ ಓದಿದಾಗ ಕಾಣುವುದು ಹೊಸ ಬರಹವೇ. ಹಳೆಯದನ್ನು ನೋಡಬೇಕಾದರೆ ಚಿಪ್ ಬಿಚ್ಚಿ ಓದುವ ಸಾಮಗ್ರಿ, ತಾಳ್ಮೆ, ದುಡ್ಡು ಮೂರೂ ಬೇಕು. ಇದರ ಜೊತೆ ಟ್ರಿಮ್ ಎಂಬುದೊಂದಿದೆ. ಈ ಜಾಗ ಇನ್ನು ಬೇಡ ಎಂದು ಕಂಪ್ಯೂಟರ್ ಎಸ್‌ಎಸ್‌ಡಿಗೆ ತಿಳಿಸುವ ವ್ಯವಸ್ಥೆ ಅದು. ಉಬುಂಟು ವಾರಕ್ಕೊಮ್ಮೆ ತಾನೇ ಇದನ್ನು ಓಡಿಸುತ್ತದೆ. ಟ್ರಿಮ್ ಆದ ಜಾಗವನ್ನು ಓದಿದರೆ ಸಾಮಾನ್ಯವಾಗಿ ಸೊನ್ನೆಗಳೇ ಬರುತ್ತವೆ. ಎಸ್‌ಎಸ್‌ಡಿಯಿಂದ ಡಿಲೀಟ್ ಆದ ಮದುವೆ ಫೋಟೊ ಬೇಕು ಎಂದು ಅಳುತ್ತಾ ಬಂದವರಿಗೆ ನಾನು ಎಷ್ಟೋ ಸಲ ಬರಿಗೈಯಲ್ಲಿ ಕಳಿಸಿದ್ದೇನೆ, ಕಾರಣ ಈ ಟ್ರಿಮ್ಮೇ. ಹಾಗಾಗಿ ನಿಮ್ಮ ಆ ರಾತ್ರಿಯ ಕೆಲಸದಿಂದ ಅಪಾಯ ಕಡಿಮೆಯಂತೂ ಆಗಿದೆ. ಆದರೆ ಖಾತರಿ ಎನ್ನಲು ಅದು ಸಾಲದು. ಬೇರೆಯವರ ದಾಖಲೆ ಆದ್ದರಿಂದ ಖಾತರಿಯೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ನೀವು ಕೇಳದೇ ಇರುವ, ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಕೊಡುವ ವಿಷಯ. ನೀವು ಅಳಿಸಿದ್ದು ಒಂದು ಫೋಲ್ಡರ್. ಆ ಸ್ಕ್ಯಾನ್‌ಗಳು ಆ ಫೋಲ್ಡರ್‌ನಲ್ಲಿ ಮಾತ್ರ ಇದ್ದವಾ?

ಒಂದು ಆಧಾರ್ ಕಾರ್ಡ್ ನಿಮ್ಮ ಅಂಗಡಿಯಲ್ಲಿ ಹೇಗೆ ಓಡಾಡುತ್ತದೆ ನೋಡಿ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಅದು ನಿಮ್ಮ ಫೋನ್‌ನಲ್ಲಿ ಒಂದು ಪ್ರತಿ. ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ವೆಬ್ ತೆರೆದು ಇಳಿಸಿಕೊಳ್ಳುತ್ತೀರಿ, ಡೌನ್‌ಲೋಡ್ಸ್‌ನಲ್ಲಿ ಇನ್ನೊಂದು. ಅರ್ಜಿಗೆ ಇಷ್ಟೇ ಕೆಬಿ ಇರಬೇಕು ಎಂದು ಅಳತೆ ಕಡಿಮೆ ಮಾಡಿ ಉಳಿಸುತ್ತೀರಿ, ಮೂರನೆಯದು. ಫೋಲ್ಡರ್ ತೆರೆದಾಗ ಚಿಕ್ಕ ಚಿತ್ರ ಕಾಣುತ್ತದಲ್ಲ, ಆ ಚಿಕ್ಕ ಚಿತ್ರವನ್ನು ಉಬುಂಟು ನಿಮ್ಮ ಹೋಮ್ ಫೋಲ್ಡರ್‌ನ ಒಳಗೆ ಬಚ್ಚಿಟ್ಟಿರುವ ಕ್ಯಾಶೆ ಎಂಬ ಫೋಲ್ಡರ್‌ನ ಥಂಬ್‌ನೇಲ್ಸ್‌ನಲ್ಲಿ ಇಟ್ಟುಕೊಂಡಿರುತ್ತದೆ. ಮೂಲ ಫೈಲ್ ಹೋದರೂ ಅದು ಉಳಿಯಬಹುದು. ಪಿಡಿಎಫ್‌ನ ಮೊದಲ ಪುಟಕ್ಕೂ ಹೀಗೇ ಮಾಡುತ್ತದೆ. ಚಿಕ್ಕದು ಅಂದುಕೊಳ್ಳಬೇಡಿ, ಕೆಲವು 256 ಪಿಕ್ಸೆಲ್ ಅಥವಾ ಇನ್ನೂ ದೊಡ್ಡದಿರುತ್ತವೆ, ಮುಖ ಗುರುತು ಸಿಗುತ್ತದೆ. ಆಮೇಲೆ ಪ್ರಿಂಟ್ ಕೊಡುತ್ತೀರಿ. ಪ್ರಿಂಟ್‌ಗೆ ಹೋದ ಫೈಲ್‌ನ ಪ್ರತಿ ಸ್ಪೂಲ್ ಫೋಲ್ಡರ್‌ಗೆ ಹೋಗುತ್ತದೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಂದು ದಿನ ಅಲ್ಲಿದ್ದು ಬರೀ ಡಿಲೀಟ್ ಆಗುತ್ತದೆ. ಬರೀ ಡಿಲೀಟ್ ಅಂದರೆ ಏನು ಅಂತ ಮೇಲೆ ಹೇಳಿದೆ.

ಇನ್ನೂ ಇದೆ. ಲಿಬ್ರೆ ಆಫೀಸ್‌ನಂಥ ತಂತ್ರಾಂಶಗಳಲ್ಲಿ ಒಂದು ಪತ್ರವನ್ನು ತಿದ್ದಿ ಸೇವ್ ಮಾಡಿದಾಗ, ಎಷ್ಟೋ ಸಲ ಹೊಸ ಫೈಲ್ ಬರೆದು ಹಳೆಯದನ್ನು ಡಿಲೀಟ್ ಮಾಡುತ್ತವೆ. ನೀವು ಹತ್ತು ಸಲ ಸೇವ್ ಮಾಡಿದ್ದರೆ ಹತ್ತು ಹಳೇ ರೂಪಗಳು ಖಾಲಿ ಜಾಗದಲ್ಲಿ ಚದುರಿರಬಹುದು. ಶ್ರೆಡ್ ಅಳಿಸುವುದು ಕೊನೆಯದನ್ನು ಮಾತ್ರ. ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಕಟ್ ಪೇಸ್ಟ್ ಮಾಡಿದ್ದೂ ಹಾಗೇ. ಅಲ್ಲಿ ಕಾಪಿ ಆಗಿ ಇಲ್ಲಿ ಡಿಲೀಟ್ ಆಗುತ್ತದೆ ಅಷ್ಟೇ, ಇಲ್ಲಿಯ ಡೇಟಾ ಇಲ್ಲೇ. ಇನ್ನು ಎಂಟು ವರ್ಷದಲ್ಲಿ ಜಾಗ ಸಾಲದೆ ನೀವು ಸುಮ್ನೆ ಡಿಲೀಟ್ ಮಾಡಿದ್ದೆಷ್ಟು? ಹೆಸರೇ ಇಲ್ಲದ ಆ ಫೈಲ್‌ಗಳನ್ನು ಶ್ರೆಡ್‌ಗೆ ತೋರಿಸುವುದಾದರೂ ಹೇಗೆ?

ಹೀಗಾಗಿ ಮಾರುವ ಕಂಪ್ಯೂಟರ್‌ನಲ್ಲಿ ಒಂದೊಂದೇ ಫೈಲ್ ಹುಡುಕಿ ಅಳಿಸುವ ದಾರಿಯನ್ನೇ ಬಿಟ್ಟುಬಿಡಿ. ಡಿಸ್ಕ್ ಪೂರ್ತಿ ಅಳಿಸಿ. ಫೈಲ್ ಅಳಿಸುವ ಕಮಾಂಡ್ ಇರುವುದು, ಕಂಪ್ಯೂಟರ್ ನಿಮ್ಮ ಹತ್ತಿರವೇ ಇದ್ದು ಯಾವುದೋ ಒಂದು ಫೈಲ್ ಮಾತ್ರ ಹೋಗಬೇಕು ಅನ್ನುವ ಸಂದರ್ಭಕ್ಕೆ.

ಅಳಿಸುವ ಮೊದಲು ಬೇಕಾದ್ದನ್ನು ಹೊರಗೆ ತೆಗೆದಿಟ್ಟುಕೊಳ್ಳಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ನಿಮ್ಮ ತೆರಿಗೆ ಲೆಕ್ಕ, ರಸೀದಿಗಳಂಥ ಕಾನೂನು ಪ್ರಕಾರ ಇಟ್ಟುಕೊಳ್ಳಬೇಕಾದ್ದು ಇದ್ದರೆ ಉಳಿಸಿ. ಯಾವುದಾದರೂ ಅರ್ಜಿಯ ಮೇಲೆ ದೂರು, ನೋಟಿಸ್, ಪೊಲೀಸ್ ವಿಚಾರಣೆ ನಡೆಯುತ್ತಿದ್ದರೆ ಏನನ್ನೂ ಅಳಿಸಬೇಡಿ, ಮೊದಲು ವಕೀಲರನ್ನು ಕೇಳಿ.

ಹಾರ್ಡ್ ಡಿಸ್ಕ್‌ಗೆ ಹೀಗೆ ಮಾಡಿ. ಉಬುಂಟುವಿನ ಇನ್‌ಸ್ಟಾಲ್ ಪೆನ್ ಡ್ರೈವ್ ಹಾಕಿ, ಇನ್‌ಸ್ಟಾಲ್ ಮಾಡದೆ ಟ್ರೈ ಎಂಬ ಆಯ್ಕೆಯಿಂದ ಒಳಗೆ ಹೋಗಿ. ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂದು ಟೈಪ್ ಮಾಡಿದರೆ ಯಾವ ಡಿಸ್ಕ್‌ಗೆ ಯಾವ ಹೆಸರು, ಅಳತೆ ಎಷ್ಟು ಎಂದು ಕಾಣುತ್ತದೆ. ಎಸ್‌ಡಿಎ ಅನ್ನುವುದು ಯಾವಾಗಲೂ ನಿಮ್ಮ ಡಿಸ್ಕೇ ಆಗಿರುತ್ತದೆ ಎಂದುಕೊಳ್ಳಬೇಡಿ, ಪೆನ್ ಡ್ರೈವ್‌ಗೂ ಆ ಹೆಸರು ಬರಬಹುದು. ಅಳತೆ ನೋಡಿ ಗುರುತಿಸಿ. ಬೇರೆ ಡಿಸ್ಕ್, ಬ್ಯಾಕಪ್ ಡ್ರೈವ್ ಎಲ್ಲಾ ಕೇಬಲ್ ಸಮೇತ ಕಿತ್ತು ದೂರ ಇಡಿ. ಆಮೇಲೆ ಪೂರ್ತಿ ಅಧಿಕಾರ ಕೊಡುವ ಸುಡೊ ಎಂಬ ಪದ ಮೊದಲು ಹಾಕಿ, ಶ್ರೆಡ್ -ವಿ -ಎನ್ 1 ಎಂದು ಬರೆದು, ಫೈಲ್ ಹೆಸರಿನ ಬದಲು ಡಿಸ್ಕ್‌ಗಳ ಹೆಸರಿರುವ ಡೆವ್ ಫೋಲ್ಡರ್ ಒಳಗಿನ ಆ ಡಿಸ್ಕ್‌ನ ಹೆಸರು ಕೊಡಿ. ಇಲ್ಲಿ -ಯು ಬೇಡ. ಒಂದೇ ಸಲ ಸಾಕು. ಮಧ್ಯೆ ಕರೆಂಟ್ ಹೋದರೆ ಏನೂ ಕೆಡುವುದಿಲ್ಲ, ಮತ್ತೆ ಮೊದಲಿಂದ ಹಾಕಿ. ಈಗಿನ ಕೆಲವು ಹಾರ್ಡ್ ಡಿಸ್ಕ್‌ಗಳು ಎಸ್‌ಎಂಆರ್ ಎಂಬ ಬಗೆಯವು, ಅವೂ ಬರಹವನ್ನು ಅತ್ತ ಇತ್ತ ಸರಿಸುತ್ತವೆ, ಆದ್ದರಿಂದ ಅವುಗಳಲ್ಲೂ ಒಂದೊಂದೇ ಫೈಲ್ ಅಳಿಸುವುದಕ್ಕಿಂತ ಪೂರ್ತಿ ಅಳಿಸುವುದೇ ಸರಿ. ಕೆಟ್ಟುಹೋದ ಸೆಕ್ಟರ್‌ಗಳನ್ನು ಡಿಸ್ಕ್ ತಾನೇ ಪಕ್ಕಕ್ಕೆ ಇಟ್ಟಿದ್ದರೆ ಅವಕ್ಕೆ ಶ್ರೆಡ್ ಮುಟ್ಟುವುದಿಲ್ಲ. ಡಿಸ್ಕ್ ಆಗಲೇ ಸದ್ದು ಮಾಡುತ್ತಾ, ತಪ್ಪು ತೋರಿಸುತ್ತಾ ಇದ್ದರೆ ಅದನ್ನು ಮಾರುವುದೇ ಬೇಡ.

ಎಸ್‌ಎಸ್‌ಡಿಗೆ ಬೇಕಾದ್ದು ಬೇರೆ. ಗೋದಾಮಿನ ಗುಮಾಸ್ತನಿಗೇ ಎಲ್ಲಾ ಖಾಲಿ ಮಾಡು ಎಂದು ಅಪ್ಪಣೆ ಕೊಡಬೇಕು. ಇದಕ್ಕೆ ಸೆಕ್ಯೂರ್ ಇರೇಸ್ ಅನ್ನುತ್ತಾರೆ. ಸುಲಭದ್ದು ಎಂದರೆ ನಿಮ್ಮ ಮದರ್‌ಬೋರ್ಡ್‌ನ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ನಲ್ಲಿ, ಆ ಆಯ್ಕೆ ಇದೆಯಾ ನೋಡುವುದು, ಅಥವಾ ಎಸ್‌ಎಸ್‌ಡಿ ತಯಾರಿಸಿದ ಕಂಪನಿಯ ಸ್ವಂತ ತಂತ್ರಾಂಶ ಬಳಸುವುದು. ಕಮಾಂಡ್‌ನಲ್ಲೇ ಮಾಡುತ್ತೇನೆ ಎಂದರೆ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್‌ನ ಹಾಗೆ ಕೇಬಲ್‌ಗೆ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿಗೆ ಎಚ್‌ಡಿಪಾರ್ಮ್ ಇದೆ, ಮದರ್‌ಬೋರ್ಡ್ ಮೇಲೇ ಕೂರುವ ಎನ್‌ವಿಎಂಇ ಬಗೆಯದಾದರೆ ಎನ್‌ವಿಎಂಇ ಫಾರ್ಮ್ಯಾಟ್ ಕಮಾಂಡ್ ಇದೆ. ಎಚ್‌ಡಿಪಾರ್ಮ್‌ನಲ್ಲಿ ಮೊದಲು ಡ್ರೈವ್‌ಗೆ ಒಂದು ಪಾಸ್‌ವರ್ಡ್ ಇಡಬೇಕು, ಆಮೇಲೆ ಅದೇ ಪಾಸ್‌ವರ್ಡ್ ಕೊಟ್ಟು ಅಳಿಸು ಎನ್ನಬೇಕು. ಡ್ರೈವ್ ಫ್ರೋಜನ್, ಅಂದರೆ ಈ ಅಪ್ಪಣೆ ಒಪ್ಪದ ಸ್ಥಿತಿಯಲ್ಲಿದೆ, ಎಂದು ತೋರಿಸಿದರೆ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿ, ಬಹಳಷ್ಟು ಸಲ ಬಿಡುತ್ತದೆ.

ಇಲ್ಲಿ ಅಪಾಯ ಇದೆ, ಮುಚ್ಚಿಡುವುದಿಲ್ಲ. ಪಾಸ್‌ವರ್ಡ್ ಇಟ್ಟು ಅಳಿಸುವ ಮಧ್ಯದಲ್ಲಿ ಕರೆಂಟ್ ಹೋದರೆ ಡ್ರೈವ್ ಬೀಗ ಹಾಕಿಕೊಂಡೇ ಉಳಿಯಬಹುದು. ಹಾಗಾಗಿ ಯುಪಿಎಸ್ ಇರಲಿ, ಪಾಸ್‌ವರ್ಡ್ ಸರಳವಾಗಿರಲಿ, ಕಾಗದದ ಮೇಲೆ ಬರೆದಿಡಿ. ಯುಎಸ್‌ಬಿ ಕೇಬಲ್ ಮೂಲಕ ಸಿಕ್ಕಿಸಿ ಇದನ್ನು ಮಾಡಬೇಡಿ, ನೇರ ಮದರ್‌ಬೋರ್ಡ್‌ಗೆ ಸಿಕ್ಕಿಸಿ. ಮುಗಿಯಿತು ಎಂದು ಅದು ಹೇಳಿದ ತಕ್ಷಣ ನಂಬಬೇಡಿ. ಮೇಲೆ ಹೇಳಿದ 2011ರ ಪರೀಕ್ಷೆಯಲ್ಲಿ ಒಂದು ಡ್ರೈವ್ ಅಳಿಸಿದೆ ಎಂದು ವರದಿ ಕೊಟ್ಟಿತ್ತು, ಒಳಗೆ ಎಲ್ಲಾ ಡೇಟಾ ಹಾಗೇ ಇತ್ತು.

ಇದೆಲ್ಲಾ ಕಷ್ಟ ಅನ್ನಿಸಿದರೆ ನಾನು ನಿಮಗೆ ಹೇಳುವುದು ಒಂದೇ: ಎಸ್‌ಎಸ್‌ಡಿ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಉಳಿದ ಕಂಪ್ಯೂಟರ್ ಮಾರಿ. ಹಳೇ 240 ಜಿಬಿ ಎಸ್‌ಎಸ್‌ಡಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡ್‌ಗೆ ಹೋದರೂ ದೊಡ್ಡ ಬೆಲೆ ಸಿಗುವುದಿಲ್ಲ. ಆ ಸಣ್ಣ ದುಡ್ಡಿಗಾಗಿ ಎಂಟು ವರ್ಷದ ಊರವರ ಕಾಗದವನ್ನು ಪಣಕ್ಕಿಡಬೇಕಾ?

ಸುತ್ತಿಗೆ ಬಗ್ಗೆ ಕೇಳಿದ್ದೀರಿ. ಒಡೆಯಲೇಬೇಕು ಎಂದರೆ ಸರಿಯಾದ್ದನ್ನು ಒಡೆಯಬೇಕು. ಹಾರ್ಡ್ ಡಿಸ್ಕ್‌ನ ಹಸಿರು ಸರ್ಕ್ಯೂಟ್ ಬೋರ್ಡ್ ಜಜ್ಜಿದ್ದ ಒಂದು ಡಿಸ್ಕ್ ನನ್ನ ಹತ್ತಿರ ಬಂದಿತ್ತು. ಅದೇ ಮಾದರಿಯ ಬೇರೆ ಬೋರ್ಡ್ ಹಾಕಿ, ಹಳೆಯದರ ಒಂದು ಚಿಪ್ ಅದಕ್ಕೆ ಬೆಸುಗೆ ಮಾಡಿ, ಎಲ್ಲಾ ಡೇಟಾ ತೆಗೆದೆವು. ಮಳೆ ನೀರಲ್ಲಿ ಮುಳುಗಿದ ಡಿಸ್ಕ್‌ನಿಂದಲೂ ತೆಗೆದಿದ್ದೇನೆ. ಡೇಟಾ ಇರುವುದು ಒಳಗಿನ ಹೊಳೆಯುವ ತಟ್ಟೆಗಳಲ್ಲಿ, ಅವುಗಳ ಮೂಲಕವೇ ಡ್ರಿಲ್ ಹೋಗಬೇಕು. ಕೆಲವು ಲ್ಯಾಪ್‌ಟಾಪ್ ಡಿಸ್ಕ್‌ಗಳ ತಟ್ಟೆ ಗಾಜಿನದ್ದು, ಚೂರು ಚೂರಾಗಿ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಬೇಡಿ. ಎಸ್‌ಎಸ್‌ಡಿಯಲ್ಲಿ ಕಪ್ಪು ಚಿಪ್ ಪ್ರತಿಯೊಂದೂ ಒಡೆಯಬೇಕು, ಒಂದು ಉಳಿದರೆ ಅದರಲ್ಲಿ ಒಂದಷ್ಟು ಡೇಟಾ ಉಳಿದ ಹಾಗೆ. ಒಲೆಗೆ ಹಾಕಬೇಡಿ, ಬರುವ ಹೊಗೆ ವಿಷ. ಅಯಸ್ಕಾಂತ ಉಜ್ಜಿದರೆ ಎಸ್‌ಎಸ್‌ಡಿಗೆ ಏನೂ ಆಗುವುದಿಲ್ಲ, ಮನೆಯಲ್ಲಿ ಸಿಗುವ ಅಯಸ್ಕಾಂತದಿಂದ ಹಾರ್ಡ್ ಡಿಸ್ಕ್‌ಗೂ ಆಗುವುದಿಲ್ಲ. ಒಡೆದ ಚೂರನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸ ಕಂಪ್ಯೂಟರ್ ವಿಷಯ. ಇದರ ಎಸ್‌ಎಸ್‌ಡಿಯನ್ನು ಮೊದಲ ದಿನವೇ ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಡೇಟಾಗೆ ಬೀಗ ಹಾಕಿ. ಉಬುಂಟು ಹಾಕುವಾಗಲೇ ಆ ಆಯ್ಕೆ ಕೇಳುತ್ತದೆ, ಲಕ್ಸ್ ಎಂದು ಅದರ ಹೆಸರು. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಆಗ ಚಿಪ್‌ನ ಯಾವ ಮೂಲೆಯಲ್ಲಿ ಯಾವ ಹಳೇ ಪ್ರತಿ ಬಿದ್ದಿದ್ದರೂ ಅದು ಬೀಗ ಹಾಕಿದ ರೂಪದಲ್ಲೇ ಬಿದ್ದಿರುತ್ತದೆ. ಮುಂದೆ ಮಾರುವಾಗ ಬೀಗದ ಕೈ ನಾಶ ಮಾಡಿದರೆ ಆಯಿತು, ಲಕ್ಸ್‌ನಲ್ಲಿ ಅದಕ್ಕೇ ಒಂದು ಇರೇಸ್ ಕಮಾಂಡ್ ಇದೆ, ಕೆಲವು ಸೆಕೆಂಡಿನ ಕೆಲಸ. ಎಂಟು ವರ್ಷ ತುಂಬಿಸಿದ ಮೇಲೆ ಎನ್‌ಕ್ರಿಪ್ಟ್ ಮಾಡಿದರೆ ಇಷ್ಟು ಪ್ರಯೋಜನ ಇಲ್ಲ, ಮೊದಲೇ ಬಿದ್ದಿರುವ ಹಳೇ ಪ್ರತಿಗಳಿಗೆ ಬೀಗ ಬೀಳುವುದಿಲ್ಲ. ಪಾಸ್‌ವರ್ಡ್ ಮರೆತರೆ ನನ್ನಂಥವರು ಕೂಡ ಏನೂ ಮಾಡಲಾಗುವುದಿಲ್ಲ. ಬರೆದು ಮನೆಯಲ್ಲಿ ಭದ್ರವಾಗಿಡಿ, ಅಂಗಡಿಯ ಮೇಜಿನ ಮೇಲೆ ಅಲ್ಲ.

ಹೊಸದರಲ್ಲಿ ಶ್ರೆಡ್ ಬಳಸುವ ಅಭ್ಯಾಸ ಮುಂದುವರಿಸುವುದಾದರೆ ಒಂದು ಎಚ್ಚರ. ನನಗೆ ಗೊತ್ತಿರುವ ಒಬ್ಬರು ಫೋಲ್ಡರ್ ಹೆಸರು ಮತ್ತು ನಕ್ಷತ್ರ ಚಿಹ್ನೆಯ ನಡುವೆ ತಪ್ಪಿ ಒಂದು ಸ್ಪೇಸ್ ಹಾಕಿದರು. ಶ್ರೆಡ್ ಆ ಫೋಲ್ಡರನ್ನು ಬಿಟ್ಟು, ಅವರು ನಿಂತಿದ್ದ ಜಾಗದಲ್ಲಿದ್ದ ಫೈಲ್‌ಗಳನ್ನೆಲ್ಲ ಅಳಿಸಿತು. ತೀರಿಕೊಂಡ ತಂದೆಯ ಫೋಟೊಗಳು ಅದರಲ್ಲಿದ್ದವು. ಡಿಸ್ಕ್ ತಂದು ನನ್ನ ಮುಂದಿಟ್ಟಾಗ ಆಗುವುದಿಲ್ಲ ಎಂದು ಹೇಳಬೇಕಾಯಿತು, ಆ ದಿನ ನನಗೆ ಇನ್ನೂ ನೆನಪಿದೆ. ನಕ್ಷತ್ರ ಇರುವ ಸಾಲನ್ನು ಓಡಿಸುವ ಮೊದಲು, ಶ್ರೆಡ್ ಬದಲು ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಹಾಕಿ ಅದೇ ಸಾಲನ್ನು ಓಡಿಸಿ, ಯಾವ ಯಾವ ಫೈಲ್ ಬರುತ್ತದೆ ಎಂದು ಕಣ್ಣಾರೆ ನೋಡಿ.

ಇನ್ನು ಅಳಿಸುವ ಕೆಲಸವೇ ಕಡಿಮೆ ಆಗುವ ಹಾಗೆ ನೋಡಿಕೊಳ್ಳಿ. ಅರ್ಜಿ ಹೋದ ದಿನವೇ ಸ್ಕ್ಯಾನ್ ತೆಗೆಯಿರಿ, ಮುಂದಿನ ಸಲ ಬೇಕಾಗುತ್ತದೆ ಎಂದು ಇಟ್ಟುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಹೇಳುವುದೂ ಅದೇ, ಪಡೆದ ಉದ್ದೇಶ ಮುಗಿದ ಮೇಲೆ ಡೇಟಾ ಅಳಿಸಬೇಕು. ಎಲ್ಲಿ ಒಪ್ಪುತ್ತಾರೋ ಅಲ್ಲಿ ಮಾಸ್ಕ್ ಮಾಡಿದ ಆಧಾರ್ ಕೇಳಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಫೋನ್‌ನ ವಾಟ್ಸಾಪ್ ಫೋಟೊಗಳು ಗೂಗಲ್ ಫೋಟೋಸ್‌ಗೆ ತಾವೇ ಹೋಗುತ್ತಿವೆಯಾ ನೋಡಿ. ನಿಮ್ಮ ಜೆರಾಕ್ಸ್ ಮೆಷಿನ್ ದೊಡ್ಡದಾಗಿದ್ದರೆ ಅದರ ಒಳಗೂ ಹಾರ್ಡ್ ಡಿಸ್ಕ್ ಇರಬಹುದು, ಅದನ್ನು ಬದಲಿಸುವ ದಿನ ಸರ್ವಿಸ್‌ನವರನ್ನು ಕೇಳಿ.

ಹಾರ್ಡ್ ಡಿಸ್ಕ್ ಅಳಿಸಿದ ಮೇಲೆ ಮಾರುವ ಮುಂಚೆ, ಅದೇ ಉಬುಂಟು ಪೆನ್ ಡ್ರೈವ್‌ನಿಂದ ಫೋಟೊರೆಕ್ ಹಾಕಿ ಡಿಸ್ಕ್ ಪೂರ್ತಿ ಒಮ್ಮೆ ಹುಡುಕಿಸಿ. ಎಸ್‌ಎಸ್‌ಡಿ ಮಾರುವುದೇ ಎಂದು ನಿರ್ಧರಿಸಿದರೆ ಸೆಕ್ಯೂರ್ ಇರೇಸ್ ಆದ ಮೇಲೆ ಅದಕ್ಕೂ ಹೀಗೇ ಮಾಡಿ. ಅಳಿಸಿದ ಡಿಸ್ಕ್‌ನಲ್ಲಿ ಅದು ಒಂದೋ ಎರಡೋ ಅರ್ಥವಿಲ್ಲದ ಚೂರುಗಳನ್ನು ಫೈಲ್ ಎಂದು ತೋರಿಸಬಹುದು, ತೆರೆದರೆ ತೆರೆಯುವುದಿಲ್ಲ, ಅದಕ್ಕೆ ಹೆದರಬೇಡಿ. ಆದರೆ ಒಂದೇ ಒಂದು ಗುರುತಿನ ಚೀಟಿ, ಒಂದೇ ಒಂದು ಮುಖ ತೆರೆದುಕೊಂಡರೂ ಆ ಡಿಸ್ಕ್ ಅಂಗಡಿ ಬಿಟ್ಟು ಹೊರಗೆ ಹೋಗಬಾರದು, ಮತ್ತೆ ಮೊದಲಿಂದ ಅಳಿಸಿ.